ಮತ್ತೆ ಬಾರದ ಲಾಗಿನ್

ನಾಗರಬಾವಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಇಪ್ಪತ್ತು ವರ್ಷದಿಂದ ನನ್ನ ಬ್ಯಾಗಿನಲ್ಲೇ ಇದೆ. ಕುರುಬರಹಳ್ಳಿಯಿಂದ ಎರಡು ಬಸ್ಸು ಹತ್ತಿ ಇಳಿದು ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವಳು ನಾನು. ಬಾಗಿಲ ಪಕ್ಕದ ಬೋರ್ಡಿನಲ್ಲಿ ‘ಲ್ಯಾಬ್ ಇನ್‌ಚಾರ್ಜ್’ ಎಂಬುದರ ಮುಂದೆ ಇರುವುದೂ ನನ್ನ ಹೆಸರೇ. ಹುದ್ದೆ ಮಾತ್ರ ಇನ್‌ಸ್ಟ್ರಕ್ಟರ್. ಪಾಠ ಮಾಡುವವರು ಲೆಕ್ಚರರ್‌ಗಳು, ಮಕ್ಕಳ ಪಕ್ಕ ನಿಂತು ತಿದ್ದುವವಳು ನಾನು.

ಹೊಸ ಲೆಕ್ಚರರ್ ಆಗಿ ಬಂದವನು ನನ್ನದೇ ಹಳೆಯ ವಿದ್ಯಾರ್ಥಿ. ಓದಲು ಸೇರಿದ ಮೊದಲ ದಿನ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡದ್ದನ್ನು ಕಂಡು, ಕೀಬೋರ್ಡ್ ಕೆಟ್ಟಿದೆ ಎಂದು ನನ್ನನ್ನು ಕರೆದವನು. ಈಗ ಎಂ.ಟೆಕ್ ಮುಗಿಸಿ ಬಂದಿದ್ದ. ಸ್ಟಾಫ್ ರೂಮಿನಲ್ಲಿ ಅವನನ್ನು ‘ನೀವು’ ಎನ್ನುವಾಗ ನನ್ನ ನಾಲಿಗೆ ತಡವರಿಸುತ್ತಿತ್ತು. ಅವನು ಮಾತ್ರ ಅಂದಿನಂತೆಯೇ ‘ಮೇಡಂ’ ಎನ್ನುತ್ತಿದ್ದ. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ.

ಹದಿನೈದೇ ದಿನದಲ್ಲಿ ಹುಡುಗರು ಹುಡುಗಿಯರೆಲ್ಲ ಅವನ ಹಿಂದೆ. ಎದುರಿಗೆ ನಾನೇ ನಿಂತಿದ್ದರೂ ‘ಸಾರ್‌ನ ಕೇಳೋಣ ಬಾರೋ’ ಎನ್ನುವರು. ಹಿತ್ತಲ ಗಿಡ ಮದ್ದಲ್ಲ, ನಿಜ, ಆದರೆ ಆ ಗಿಡಕ್ಕೂ ಒಂದು ಜೀವ ಇರುತ್ತದಲ್ಲ. ಅವನ ಕ್ಲಾಸಿನಿಂದ ನಗು ಕೇಳಿಬಂದ ದಿನ ನನ್ನ ಡಬ್ಬಿಯ ಚಿತ್ರಾನ್ನ ಹಾಗೇ ಮನೆಗೆ ವಾಪಸ್ಸು ಹೋಗುತ್ತಿತ್ತು. ಹೊಟ್ಟೆಕಿಚ್ಚಿಗೆ ಹೊಟ್ಟೆಯ ಹೆಸರನ್ನೇ ಯಾಕಿಟ್ಟರೋ ಎಂದು ಕೇಳುವವರು ನನ್ನನ್ನು ಕೇಳಬಹುದು.

ಹೀಗಿರುವಾಗ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮರುದಿನ ಅವನ ಕ್ಲಾಸಿನಲ್ಲಿ ತಾವು ಕೂರುವುದಾಗಿಯೂ, ಚೆನ್ನಾಗಿ ಮಾಡಿದರೆ ಲ್ಯಾಬನ್ನು ಅವನಿಗೇ ವಹಿಸುವ ಯೋಚನೆ ಇದೆಯೆಂದೂ ಹೇಳಿದರು. ನಿಮಗೂ ಭಾರ ಕಡಿಮೆಯಾಗುತ್ತದೆ ಎಂದು ನಕ್ಕರು. ನಾನೂ ನಕ್ಕೆ.

ಮರುದಿನದ ಪಾಠ ನನಗೆ ಬಾಯಿಪಾಠವಾಗಿದ್ದದ್ದು. ಕಂಪ್ಯೂಟರ್ ಎದ್ದ ಕೂಡಲೇ ಮೊದಲು ಶುರುವಾಗುವ ಪ್ರೋಗ್ರಾಮಿಗೆ ನಂಬರ್ ಒಂದು. ಮಿಕ್ಕವರನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಪರದೆಯ ಮೇಲೆ ‘ಲಾಗಿನ್’ ಎಂದು ಹೆಸರು ಕೇಳುವ ಪುಟ್ಟ ಪ್ರೋಗ್ರಾಮನ್ನು ಕೂರಿಸುವುದೂ ಅದೇ. ನಾವು ಒಳಗೆ ಹೋಗಿ ಕೆಲಸ ಮುಗಿಸಿ ಲಾಗೌಟ್ ಆದರೆ ಆ ಸೆಷನ್ ಸಾಯುತ್ತದೆ. ಒಂದನೇ ನಂಬರು ಅದನ್ನು ಗಮನಿಸಿ, ಮುಂದೆ ಬರುವವರಿಗಾಗಿ ಹೊಸ ಲಾಗಿನ್ ಹುಟ್ಟಿಸುತ್ತದೆ. ಹೊಸ ಸಿಸ್ಟಮ್‌ಗಳಲ್ಲಿ ಇದರ ವ್ಯವಸ್ಥೆ ಬದಲಾಗಿದೆ, ಪಾಠಕ್ಕೆಂದೇ ಹಳೆಯದೊಂದನ್ನು ಇಟ್ಟುಕೊಂಡಿದ್ದೇವೆ. ಅದರಲ್ಲಿ ಇದಕ್ಕೆಲ್ಲ ಒಂದು ಫೈಲು. ಒಂದೇ ಕಂಪ್ಯೂಟರಿನಲ್ಲಿ ನಾಲ್ಕಾರು ಲಾಗಿನ್‌ಗಳಿರುತ್ತವೆ, ಪ್ರತಿಯೊಂದಕ್ಕೂ ಆ ಫೈಲಿನಲ್ಲಿ ಒಂದು ಸಾಲು. ಸಾಲಿನ ನಡುವೆ ‘ರೀಸ್ಪಾನ್’ ಎಂದಿದ್ದರೆ, ಸತ್ತಾಗಲೆಲ್ಲ ಮತ್ತೆ ಹುಟ್ಟಿಸು ಎಂದರ್ಥ. ‘ಒನ್ಸ್’ ಎಂದಿದ್ದರೆ ಒಂದೇ ಸಲ, ಆಮೇಲೆ ಇಲ್ಲ.

ಪ್ರಿನ್ಸಿಪಾಲರು ಕರೆಸಿದ ದಿನವೇ ಮಧ್ಯಾಹ್ನ ಅವನು ಆ ಕಂಪ್ಯೂಟರನ್ನು ಸಿದ್ಧ ಮಾಡಿಟ್ಟು ಕಾಫಿಗೆ ಹೋದ. ನಾನು ಹೋಗಿ ನೋಡಿದೆ. ಮೊದಲ ಲಾಗಿನ್ನಿನ ಸಾಲಿನಲ್ಲಿ ‘ಒನ್ಸ್’ ಎಂದಿತ್ತು. ಎರಡು ಸಲ ಓದಿದೆ. ನಾಳೆ ಪ್ರಿನ್ಸಿಪಾಲರ ಎದುರು ಇವನು ಲಾಗೌಟ್ ಆದರೆ ಪರದೆ ಬೆಪ್ಪಾಗಿ ಕೂರುತ್ತದೆ ಎಂದು ಗೊತ್ತಾದಾಗ, ಸುಳ್ಳೇಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ನೋಡಿದ್ರಾ ಮೇಡಂ ಎಂದ. ನೋಡಿದೆ, ಚೆನ್ನಾಗಿದೆ ಎಂದೆ. ಅವನು ನಕ್ಕ. ಆ ನಗು ಕಂಡೂ ನನಗೆ ಉರಿಯಿತು.

ಮರುದಿನ ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ, ನಾನು ಗೋಡೆಗೆ ಒರಗಿ. ಅವನು ಲಾಗಿನ್ ಆದ, ಎಲ್ಲ ವಿವರಿಸಿದ. ಈಗ ಲಾಗೌಟ್ ಆಗ್ತೀನಿ, ಒಂದನೇ ನಂಬರು ಏನು ಮಾಡುತ್ತೆ ನೋಡಿ ಎಂದ. ಲಾಗೌಟ್ ಆದ. ಪ್ರೊಜೆಕ್ಟರಿನ ಪರದೆ ಕಪ್ಪಗೇ ಉಳಿಯಿತು.

ನಾನು ಪ್ರಿನ್ಸಿಪಾಲರ ಮುಖ ನೋಡಿದೆ. ಅವನು ಮಕ್ಕಳ ಮುಖ ನೋಡುತ್ತಿದ್ದ. ಸೀಮೆಸುಣ್ಣ ಕೆಳಗಿಟ್ಟು, ಕೈಕಟ್ಟಿ, ಯಾಕೆ ಬರಲಿಲ್ಲ ಎಂದು ಕೇಳಿ ಸುಮ್ಮನೆ ನಿಂತುಬಿಟ್ಟ. ಕರೆಂಟು, ಕೇಬಲ್ಲು ಎಂದೆಲ್ಲ ಊಹೆಗಳು ಬಂದವು. ಕೊನೆಗೆ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ಹೋಗಿ, ಕೀ ಒತ್ತಿ ಎರಡನೇ ಲಾಗಿನ್ನಿಗೆ ದಾಟಿ, ಅಲ್ಲಿಂದ ಒಳಗೆ ಹೋಗಿ ಆ ಫೈಲು ತೆರೆದಳು. ‘ಒನ್ಸ್’ ಮೇಲೆ ಬೆರಳಿಟ್ಟಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.

ಬೇಕೆಂದೇ ಬರೆದಿದ್ದನಂತೆ. ಸರಿಯಾಗಿ ನಡೆಯುವುದನ್ನು ತೋರಿಸಿದರೆ ಮಕ್ಕಳು ಮರೆಯುತ್ತಾರೆ, ನಿಂತುಹೋದದ್ದನ್ನು ತೋರಿಸಿದರೆ ಹುಡುಕುತ್ತಾರೆ ಎಂದು ಪ್ರಿನ್ಸಿಪಾಲರಿಗೆ ಹೇಳುತ್ತಿದ್ದ. ಇಪ್ಪತ್ತು ವರ್ಷ ನಾನು ಸರಿಯಾಗಿ ನಡೆಯುವುದನ್ನೇ ತೋರಿಸುತ್ತಾ ಬಂದಿದ್ದೆ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನಿಮಗೆ ಇದು ಮೊದ್ಲೇ ಗೊತ್ತಿತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಸೆರಗು ಸರಿಮಾಡಿಕೊಂಡೆ. "ನಿನ್ನೇನೇ ಗೊತ್ತಿತ್ತು ಸಾರ್" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವನು ಮುಂದೆ ಬಂದ. "ಬೇರೆ ಯಾರಾದ್ರೂ ಆಗಿದ್ರೆ ತಪ್ಪು ಅಂತ ತಿದ್ದಿಬಿಡ್ತಿದ್ರು ಸಾರ್. ಮೇಡಂ ನೋಡಿ, ಅರ್ಥ ಮಾಡ್ಕೊಂಡು, ಸುಮ್ನಿದ್ರು. ಲ್ಯಾಬ್ ನಂಗೆ ಕೊಡ್ತೀನಿ ಅಂದಿದ್ರಲ್ಲ, ಬೇಡ, ಇವರ ಹತ್ರಾನೇ ಇರ್ಲಿ."

ಬೀಗದ ಕೈ ನನ್ನ ಬ್ಯಾಗಿನಲ್ಲೇ ಉಳಿಯಿತು, ಬೋರ್ಡಿನಲ್ಲಿ ಹೆಸರೂ ಉಳಿಯಿತು. ಆ ದಿನ ಯಾಕೆ ಸುಮ್ಮನಿದ್ದೆ ಎಂದು ಅವನಿಗೆ ಇವತ್ತಿಗೂ ಹೇಳಿಲ್ಲ. ಅವನ ಡಿಗ್ರಿಯ ಮೇಲೆ, ಮಕ್ಕಳ ನಗುವಿನ ಮೇಲೆ ಇದ್ದ ಹೊಟ್ಟೆಕಿಚ್ಚು ಅಂದೇ ಸತ್ತಿತು. ನನ್ನನ್ನು ಅಷ್ಟು ಒಳ್ಳೆಯವಳು ಎಂದುಕೊಳ್ಳಬಲ್ಲ ಅವನ ಮನಸ್ಸಿನ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಹೊಟ್ಟೆಕಿಚ್ಚು ಹುಟ್ಟಿಕೊಂಡಿದೆ, ಬೆಳಿಗ್ಗೆ ಬೀಗ ತೆಗೆಯುವಾಗಲೆಲ್ಲ ಏಳುತ್ತದೆ.