ಬಿಸಿಲಿಗಿಟ್ಟ ಸೆಲ್ಲುಗಳು

ಎರಡು ತಿಂಗಳ ಹಿಂದೆ ನಾನು ನನ್ನ ಬಾಲ್ಯದ ಗೆಳತಿಯ ಗಂಟಲಿನಿಂದ ಒಂದು ಸ್ವರ ಕಿತ್ತುಕೊಂಡೆ. ಕತ್ತಿಯಿಲ್ಲ, ಕತ್ತರಿಯಿಲ್ಲ. ಸವಳಂಗ ರಸ್ತೆಯ ಸೈಬರ್ ಕೆಫೆಯಲ್ಲಿ ಕುಳಿತು ಒಂದು ಇ-ಮೇಲ್ ಬರೆದೆ, ಅಷ್ಟೇ.

ಸತ್ಯವನ್ನೇ ಬರೆದೆ. ತೊಂದರೆಯಾದದ್ದೇ ಅದರಿಂದ.

ಈ ವಯಸ್ಸಿನಲ್ಲಿ ನನಗೆ ಸೈಬರ್ ಕೆಫೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. (ಕೆಫೆಯ ಓನರ್ ಕೂಡ ಮೊದಲ ದಿನ ಕೇಳಿದ್ದ, "ಅಮ್ಮಾ, ಮೊಮ್ಮಗನ ರಿಸಲ್ಟ್ ನೋಡ್ಬೇಕಾ?" ಎಂದು. ಮದುವೆಯೇ ಆಗದವಳಿಗೆ ಮೊಮ್ಮಗ ಎಲ್ಲಿಂದ ಬರಬೇಕು?) ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಈಗ ಉಳಿದಿರುವುದು ದುರ್ಗಿಗುಡಿಯ ಬಾಡಿಗೆ ಮನೆ ಮತ್ತು ಹಾಡು ಕೇಳುವ ಹುಚ್ಚು.

ಇಂಟರ್‌ನೆಟ್‌ನಲ್ಲಿ ಇಂಥ ಹುಚ್ಚರಿಗೂ ಒಂದು ಗ್ರೂಪ್ ಇದೆ. ಹಳೆಯ ಸಂಗೀತ ಕಛೇರಿಗಳ ರೆಕಾರ್ಡಿಂಗ್ ಕೂಡಿಹಾಕುವವರ ಗ್ರೂಪ್. ಕಂಪನಿಯವರು ಹಿಂದೆ ತಂದ ಎಲ್.ಪಿ., ಅದಕ್ಕೇ ಹೊಸ ಕವರ್ ತೊಡಿಸಿ ಈಗ ಬಿಟ್ಟಿರುವ ಸಿ.ಡಿ., ಇವೆಲ್ಲ ಅವರಿಗೆ ಸಪ್ಪೆ ಸಾರು. ಅವರ ಜೀವವೆಲ್ಲ ಬೂಟ್‌ಲೆಗ್ ಮೇಲೆ. ಅಂದರೆ, ಯಾರೋ ಒಬ್ಬರು ಯಾರ ಅಪ್ಪಣೆಯೂ ಇಲ್ಲದೆ, ಮಡಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದ ಕಛೇರಿಗಳು. ಇದು ಎಷ್ಟನೆಯ ಕಾಪಿ? ಮೂಲ ಕ್ಯಾಸೆಟ್ ಯಾರ ಹತ್ತಿರ ಇದೆ? ನಡುವೆ ಕೆಮ್ಮಿದ್ದು ಮೃದಂಗದವರೋ, ಮೊದಲ ಸಾಲಿನ ಯಜಮಾನರೋ? ಇದರ ಮೇಲೆ ವಾರಗಟ್ಟಲೆ ಜಗಳ. ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಆದರೂ, ನಿಜ ಹೇಳಲೇ? ಬೆಳಗ್ಗೆ ಹತ್ತಕ್ಕೆ ಹೆಡ್‌ಫೋನ್ ಹಾಕಿಕೊಂಡು ಅಲ್ಲಿ ಕುಳಿತರೆ ನನಗೂ ಒಂದು ಊರು ಇದೆ ಅನ್ನಿಸುತ್ತಿತ್ತು.

ಹೋದ ವರ್ಷ ಆ ಗ್ರೂಪಿಗೆ ಒಂದು ಫೈಲ್ ಬಂತು. ಹೆಸರು ‘ಭದ್ರಾವತಿ ಲೇಡಿ’. ಹಾಡಿದವರು ಯಾರೋ ಗೊತ್ತಿಲ್ಲ. ಶಿವಮೊಗ್ಗದ ಒಂದು ಕ್ಯಾಸೆಟ್ ಅಂಗಡಿಯಿಂದ ಹೊರಟ ಕಾಪಿಯ ಕಾಪಿಯ ಕಾಪಿ.

ಹೆಡ್‌ಫೋನ್ ಹಾಕಿಕೊಂಡೆ. ಕಲ್ಯಾಣಿ ರಾಗದ ಆಲಾಪನೆ. ನಡುವೆ ಒಬ್ಬಳು ಪಿಸುಗುಡುತ್ತಾಳೆ: "ಸಿಸ್ಟರ್, ಪ್ಲೀಸ್, ಟೇಪ್ ಆನ್ ಆಗಿದೆ."

ಆ ಪಿಸುಮಾತು ನನ್ನದು. ಹಾಡುತ್ತಿದ್ದವಳು ಕಮಲಾಕ್ಷಿ.

ಕಮಲಾಕ್ಷಿ ಮತ್ತು ನಾನು ನಾಲ್ಕನೇ ಕ್ಲಾಸಿನವರೆಗೆ ಒಂದೇ ಬೆಂಚಿನವರು. ಆಮೇಲೆ ಅವಳ ಅಪ್ಪ ಭದ್ರಾವತಿಯ ಕಾರ್ಖಾನೆ ಸೇರಿದರು. ಅವಳು ಅಲ್ಲಿಯ ಕನ್ನಡ ಶಾಲೆಗೆ ಹೋದಳು. ಮುಂದೆ ಗಂಡನೂ ಅದೇ ಕಾರ್ಖಾನೆಯವರೇ ಸಿಕ್ಕರು. ಕಾಲೊನಿಯಲ್ಲಿ ರಾಮನವಮಿಗೆ ಪೆಂಡಾಲ್ ಹಾಕಿ ಕಛೇರಿ ಇಡಿಸುತ್ತಿದ್ದರು. ಒಂದು ವರ್ಷ ದೊಡ್ಡ ವಿದ್ವಾಂಸರೊಬ್ಬರು ಬರುತ್ತಾರೆಂದು ನಾನು ನಮ್ಮ ಸಿಸ್ಟರ್ ಒಬ್ಬರನ್ನೂ ಕಾನ್ವೆಂಟಿನ ಟೇಪ್ ರೆಕಾರ್ಡರನ್ನೂ ಕರೆದುಕೊಂಡು ಹೋಗಿದ್ದೆ. (ಮಕ್ಕಳ ಎಲೊಕ್ಯೂಷನ್‌ಗೆಂದು ಇದ್ದ ರೆಕಾರ್ಡರ್ ಅದು. ಸಂಗೀತ ಕೇಳಿದ್ದು ಅದೇ ಮೊದಲಿರಬೇಕು.)

ವಿದ್ವಾಂಸರು ಬರಲಿಲ್ಲ. ರೈಲು ತಪ್ಪಿತಂತೆ. ಪಿಟೀಲು, ಮೃದಂಗದವರು ಬಂದು ಕುಳಿತಿದ್ದಾರೆ, ನಡುವಿನ ಜಾಗ ಖಾಲಿ. ಆಗ ತಮಿಳಿನ ಫೋರ್‌ಮನ್ ಒಬ್ಬರು ಎದ್ದು ನಿಂತು ಕೂಗಿದರು: "ನಮ್ ಕಮಲಾಕ್ಷಿಯಮ್ಮ ಇಲ್ವಾ ಸಾರ್? ದಸರಾದಲ್ಲಿ ನಮ್ಮನೆ ಬೊಂಬೆ ಗೊಲುಗೆ ಎಷ್ಟು ಚೆನ್ನಾಗಿ ಪಾಡ್ತಾರೆ!"

ಕಮಲಾಕ್ಷಿ ಪಾನಕದ ಕೊಳದಪ್ಪಲೆಯ ಹತ್ತಿರ ಇದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮನೆಯಿಂದ ತನ್ನ ಶ್ರುತಿಪೆಟ್ಟಿಗೆ ತರಿಸಿಕೊಂಡು ಕುಳಿತಳು. ಒಂದೂವರೆ ಗಂಟೆ ಹಾಡಿದಳು. ಅವಳ ಜೀವನದ ಒಂದೇ ಒಂದು ಕಛೇರಿ. ಎರಡು ವರ್ಷದಲ್ಲಿ ಥೈರಾಯ್ಡ್ ಆಪರೇಷನ್ ಆಯಿತು. ಈಗ ಅವಳು ಮಾತಾಡಿದರೆ ಕಾಗದ ಉಜ್ಜಿದ ಹಾಗೆ ಕೇಳುತ್ತದೆ.

ಆ ಕ್ಯಾಸೆಟ್ಟನ್ನು ನಾನು ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಕಾಪಿ ಮಾಡಿಸಿ ಅವಳಿಗೆ ಕೊಟ್ಟಿದ್ದೆ. ಅಂಗಡಿಯವನು ತನಗೂ ಒಂದು ಉಳಿಸಿಕೊಂಡನೆಂದು ಕಾಣುತ್ತದೆ. ಅವನಿಗೆ ಪುಣ್ಯ ಬರಲಿ. ಏಕೆಂದರೆ ಕಮಲಾಕ್ಷಿಯ ಕಾಪಿಯ ರೀಲನ್ನು ಅವಳ ಮಗ ಚಿಕ್ಕವನಿದ್ದಾಗ ಎಳೆದು ಕಿಟಕಿಗೆ ತೋರಣ ಕಟ್ಟಿದ್ದ. ಕಾನ್ವೆಂಟಿನ ಮೂಲ ಕ್ಯಾಸೆಟ್ ಮೇಲೆ ಯಾವುದೋ ಹುಡುಗಿಯ ಇಂಗ್ಲಿಷ್ ಪದ್ಯ ಕುಳಿತಿತು.

ಗ್ರೂಪಿನವರಿಗೆ ಹುಚ್ಚು ಹಿಡಿಯಿತು. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಶ್ರುತಿಯಲ್ಲಿ ಹಾಡುತ್ತಾರೆ. ಇವಳದು ಅದಕ್ಕೂ ಮೇಲೆ, ಆರು! "ಆರರಲ್ಲಿ ಇಷ್ಟು ನಿರಾಳವಾಗಿ ಹಾಡುವ ಕಂಠವನ್ನು ನಾನು ಕೇಳಿಯೇ ಇಲ್ಲ, ಗಂಟೆ ಬಾರಿಸಿದ ಹಾಗಿದೆ" ಎಂದು ಪುಣೆಯ ಡಾಕ್ಟರೊಬ್ಬರು ಬರೆದರು. "ಒಂದೇ ಸಾಲಿನ ಸಂಗತಿಗಳು ಒಂದರ ಹಿಂದೊಂದು ಮಿಂಚಿನ ಹಾಗೆ ಓಡುತ್ತವೆ" ಎಂದು ಟೊರೊಂಟೊದ ಒಬ್ಬರು. ಯಾರು ಈಕೆ? ನಾನು ಬರೆದೆ: ಈಕೆ ಕಮಲಾಕ್ಷಿ, ನನ್ನ ಗೆಳತಿ, ಪಾನಕ ಹಂಚುತ್ತಿದ್ದವಳು. ಮೂರು ದಿನದಲ್ಲಿ ನಲವತ್ತು ಉತ್ತರ ಬಂದವು.

ಎಲ್ಲವನ್ನೂ ಪ್ರಿಂಟ್ ತೆಗೆಸಿ, ಹಾಡನ್ನು ಸಿ.ಡಿ.ಗೆ ಹಾಕಿಸಿ ಭದ್ರಾವತಿಯ ಬಸ್ ಹತ್ತಿದೆ. ಕಮಲಾಕ್ಷಿ ಈಗ ಮಗ ಸೊಸೆಯ ಜೊತೆ ಸ್ಟೇಷನ್ ಹತ್ತಿರದ ಬಾಡಿಗೆ ಮನೆಯಲ್ಲಿದ್ದಾಳೆ. ಹುರುಳಿಕಾಯಿ ಹೆಚ್ಚುತ್ತ ಕುಳಿತಿದ್ದಳು. ನಾನು ಒಂದೊಂದೇ ಪತ್ರ ಓದಿ ಕನ್ನಡದಲ್ಲಿ ಹೇಳಿದೆ.

"ಟೊರೊಂಟೊ ಎಲ್ಲಿ ಬರತ್ತೆ ಮಾರಾಯ್ತಿ?"

"ಕೆನಡಾದಲ್ಲಿ."

"ಅಲ್ಲಿ ಭಾರಿ ಚಳಿಯಂತಲ್ಲೇ. ಚಳೀಲಿ ಕೂತ್ಕೊಂಡು ನನ್ ಹಾಡು ಕೇಳ್ತಾನಾ? ಪಾಪ, ಅವನಿಗೇನು ಗ್ರಹಚಾರ!"

ನಕ್ಕೆವು. ಸೊಸೆ ಶೋಭಾ ಟಿ.ವಿ.ಗೆ ಜೋಡಿಸಿದ್ದ ಪ್ಲೇಯರಿನಲ್ಲಿ ಸಿ.ಡಿ. ಹಾಕಿದಳು. ಹಾಡು ಕೇಳುತ್ತ ಕೇಳುತ್ತ ಅವಳ ಬಾಯಿ ತೆರೆಯಿತು. "ಅತ್ತೆ! ಇಷ್ಟು ದೊಡ್ಡ ಸಿಂಗರ್ ಅಂತ ನೀವು ಒಂದಿನಾನೂ ಹೇಳ್ಲೇ ಇಲ್ವಲ್ಲ! ಬಿಡಿ ಬಿಡಿ, ಹುರುಳಿಕಾಯಿ ನಾನ್ ಹೆಚ್ತೀನಿ." ಮೊರವನ್ನು ಅತ್ತೆಯ ಮಡಿಲಿನಿಂದ ಎತ್ತಿಕೊಂಡೇಬಿಟ್ಟಳು.

ಕಮಲಾಕ್ಷಿ ಮಾತ್ರ ತಲೆ ತಗ್ಗಿಸಿ ಕೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಅವ್ರೆಲ್ಲಾ ಇದನ್ನ ಹಿಂಗೇ ಕೇಳ್ತಿದಾರೇನೇ?"

"ಹೂಂ ಮತ್ತೆ, ಹಿಂಗೇ."

"ಸರಿ ಬಿಡು," ಎಂದಳು. ಪ್ರಿಂಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದೇವರ ಪಟದ ಹಿಂದೆ, ರೇಷನ್ ಕಾರ್ಡಿನ ಜೊತೆ ಇಟ್ಟಳು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವಳ ಫೋನು. "ಈ ವಾರ ಏನ್ ಬರ್ದಿದಾರೇ?" ಶೋಭಾ ಪಕ್ಕದ ಮನೆಯವರಿಗೆಲ್ಲ ಸಿ.ಡಿ. ಕೇಳಿಸಿದಳಂತೆ. ಮಗ ಮೂವತ್ತು ವರ್ಷದಲ್ಲಿ ಮೊದಲ ಬಾರಿ "ಅಮ್ಮ, ಕಲ್ಯಾಣಿ ಅಂದ್ರೆ ಯಾವ್ದು?" ಎಂದನಂತೆ. ಆ ಕಾಗದದಂಥ ದನಿಯಲ್ಲೂ ಎಷ್ಟು ಖುಷಿ!

ಅಷ್ಟರಲ್ಲಿ ಚೆನ್ನೈನ ಒಬ್ಬರು ಗ್ರೂಪಿನಲ್ಲಿ ಬಾಯಿ ತೆರೆದರು. ರಿಟೈರ್ಡ್ ಇಂಜಿನಿಯರ್. ಹಾವಿನ ಕಿವಿ, ಅಷ್ಟು ಸೂಕ್ಷ್ಮ. ಅವರು ಬರೆದದ್ದರ ಸಾರ ಇಷ್ಟು: ಮೊದಲ ಹಾಡಿಗಿಂತ ಕೊನೆಯ ಹಾಡಿನಲ್ಲಿ ಶ್ರುತಿ ಇನ್ನೂ ಏರಿದೆ. ಹಾಡುವವರು ಏರಬಹುದು, ಶ್ರುತಿಪೆಟ್ಟಿಗೆಯೂ ಏರಿದೆಯಲ್ಲ, ಅದಕ್ಕೇನು ಗಂಟಲಿದೆಯೇ? ಯಾರೋ ಬೇಕೆಂದೇ ಸ್ಪೀಡ್ ಹೆಚ್ಚಿಸಿದ್ದಾರೆ. ಇದು ಮೋಸ. ಆ ‘ಗೆಳತಿ’ಯನ್ನು ಕೇಳಿ.

ಮೋಸವೇ? ನಾನೇ? ಕಂಪ್ಯೂಟರ್ ಆಫ್ ಮಾಡಿ ಎದ್ದೆ. ಮನೆಗೆ ನಡೆದು ಬರುವಾಗ, ದುರ್ಗಿಗುಡಿಯ ತಿರುವಿನಲ್ಲಿ, ಥಟ್ಟನೆ ನೆನಪಾಯಿತು.

ಸೆಲ್ಲು.

ಆವತ್ತು ರೆಕಾರ್ಡರಿಗೆ ಹೊಸ ಸೆಲ್ ಹಾಕಬೇಕಿತ್ತು. ನಾನು ಹಾಕಲಿಲ್ಲ. ಮನೆಯ ಟಾರ್ಚಿನ ಮುಗಿದ ಸೆಲ್ಲುಗಳನ್ನು ಎರಡು ದಿನ ಕಿಟಕಿಯಲ್ಲಿ ಬಿಸಿಲಿಗಿಟ್ಟು, ಅವನ್ನೇ ತುಂಬಿಸಿ ಒಯ್ದಿದ್ದೆ. (ನಿಮ್ಮ ಮನೆಯಲ್ಲಿ ಯಾರೂ ಸೆಲ್ಲನ್ನು ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಒಣಗಿಸಲಿಲ್ಲವೇ? ಹೇಳಿ.) ಬಿಸಿಲು ಕಾದ ಸೆಲ್ಲಿಗೆ ಸ್ವಲ್ಪ ಹೊತ್ತು ಜೀವ ಬರುತ್ತದೆ, ಆಮೇಲೆ ಮೆಲ್ಲಗೆ ಸಾಯುತ್ತದೆ. ಟೇಪ್ ನಿಧಾನವಾಗಿ ಓಡಿದೆ, ಹೋಗ್ತಾ ಹೋಗ್ತಾ ಇನ್ನೂ ನಿಧಾನ. ಹಾಗೆ ನಿಧಾನವಾಗಿ ಹಿಡಿದದ್ದನ್ನು ಸರಿಯಾದ ಸ್ಪೀಡಿನಲ್ಲಿ ಹಾಕಿದರೆ? ಹಾಡು ಓಡುತ್ತದೆ, ಕಂಠ ಏರುತ್ತದೆ. ಆ ಗಂಟೆಯ ನಾದ, ಆ ಮಿಂಚು, ಎಲ್ಲ ನನ್ನ ಟಾರ್ಚಿನದು.

ಸುಮ್ಮನಿರಬಹುದಿತ್ತು. ಒಂದು ವಾರ ಬೈದು ಅವರೇ ಮರೆಯುತ್ತಿದ್ದರು. ಆದರೆ ಸುಳ್ಳು ಹೇಳಿದ್ದಕ್ಕೆ ಐವತ್ತು ಸಲ ಇಂಪೊಸಿಷನ್ ಬರೆಸಿಕೊಂಡು ಬೆಳೆದ ಕೈ ಇದು. ಅದಕ್ಕಿಂತ ನಿಜವಾದ ಕಾರಣ ಇನ್ನೊಂದು: ಮುಖ ಕಾಣದ ನಾಲ್ಕು ಜನ ನನ್ನನ್ನು ಮೋಸಗಾತಿ ಅಂದುಕೊಳ್ಳುವುದು ನನಗೆ ಬೇಡವಾಗಿತ್ತು. ಸೆಲ್ಲಿನ ಕಥೆ ಪೂರ್ತಿ ಬರೆದೆ.

ಇಂಜಿನಿಯರ್ ತಕ್ಷಣ ಮೆತ್ತಗಾದರು. ಆ ಶ್ರುತಿಪೆಟ್ಟಿಗೆ ಈಗಲೂ ಇದೆಯೇ? ಅದರೊಳಗಿನ ಪೀಪಿಯ ನಾದ ವರ್ಷಗಳು ಕಳೆದರೂ ಅಷ್ಟಾಗಿ ಬದಲಾಗುವುದಿಲ್ಲ. ಅರ್ಧ ನಿಮಿಷ ಅದರ ನಾದ ರೆಕಾರ್ಡ್ ಮಾಡಿ ಕಳಿಸಿದರೆ, ಅದಕ್ಕೆ ಹೊಂದಿಸಿ ಇಡೀ ಕಛೇರಿಯನ್ನು ಸರಿಮಾಡಿ ಕೊಡುತ್ತೇನೆ, ಎಂದರು.

ಮತ್ತೆ ಭದ್ರಾವತಿ. "ಗ್ರೂಪ್‌ನವ್ರು ನಿನ್ ಶ್ರುತಿಪೆಟ್ಟಿಗೆ ಕೇಳ್ಬೇಕಂತೆ ಕಣೇ" ಎಂದೆ. ಅರ್ಧ ಸತ್ಯ. ಅವಳು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು, ಧೂಳು ಒರೆಸಿ, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟಳು. ಸೀರೆ ಬದಲಾಯಿಸಿ ಬಂದು ಕುಳಿತಳು.

"ಬರೀ ಪೆಟ್ಟಿಗೇನಾ? ಹಾಡು ಬೇಡ್ವಂತಾ?"

"ಬೇಡ್ವಂತೆ."

ಸೆರಗಿನಿಂದ ಪೆಟ್ಟಿಗೆಯ ಅಂಚನ್ನು ಇನ್ನೊಮ್ಮೆ ಒರೆಸಿದಳು. "ಒಳ್ಳೇದೇ ಆಯ್ತು ಬಿಡು," ಎಂದು ತಿದಿ ಒತ್ತಿದಳು. ಪೆಟ್ಟಿಗೆ ಆರರಲ್ಲಲ್ಲ, ಐದರಲ್ಲಿ ನಿಂತಿತು. ನಾನು ರೆಕಾರ್ಡ್ ಮಾಡಿಕೊಂಡೆ. ಈ ಸಲ ಹೊಸ ಸೆಲ್ ಹಾಕಿದ್ದೆ.

ಮೂರು ವಾರಕ್ಕೆ ಹೊಸ ಫೈಲ್ ಬಂತು. ‘ಭದ್ರಾವತಿ ಲೇಡಿ, ಸ್ಪೀಡ್ ಕರೆಕ್ಟೆಡ್’. ಗ್ರೂಪಿನ ಭಾಷೆಯಲ್ಲಿ ರೀಇಶ್ಯೂ, ಮರುಬಿಡುಗಡೆ. ಕೇಳಿದೆ. ಗಂಟೆ ಇಲ್ಲ, ಮಿಂಚಿಲ್ಲ. ಬೆಳಗಿನಿಂದ ನಿಂತು ಪಾನಕ ಕೋಸಂಬರಿ ಮಾಡಿ ದಣಿದ ಒಬ್ಬ ಹೆಂಗಸು, ಎಡವದ ಹಾಗೆ ಎಚ್ಚರದಿಂದ ಹಾಡುತ್ತಿದ್ದಾಳೆ. ಉಸಿರು ಸಾಲದ ಕಡೆ ಸಾಹಿತ್ಯ ನುಂಗುತ್ತಾಳೆ.

ಗ್ರೂಪಿನಲ್ಲಿ ಮೊದಲ ದಿನ ಎರಡು ಥ್ಯಾಂಕ್ಸ್. ಮರುದಿನ ಪುಣೆಯ ಡಾಕ್ಟರ್: "ಪರವಾಗಿಲ್ಲ. ಮನೆಗಳಲ್ಲಿ ಹಾಡುವ ಹೆಂಗಸರ ಹಾಗಿದೆ." ಮೂರನೆಯ ದಿನ ಯಾರೋ ದಿಲ್ಲಿಯ ಹಳೆಯ ಟೇಪೊಂದನ್ನು ತಂದರು, ಎಲ್ಲರೂ ಅತ್ತ ಹೋದರು. ಅವರನ್ನು ಬೈಯುವ ಹಾಗೂ ಇಲ್ಲ. ಯಾವ ಕಂಠವನ್ನು ಮೆಚ್ಚಿದ್ದರೋ ಆ ಕಂಠ ಇರಲೇ ಇಲ್ಲವಲ್ಲ.

ಆದರೂ ಕೇಳುತ್ತೇನೆ. ನಮ್ಮೆಲ್ಲರ ಗೋಡೆಯ ಮೇಲೂ ಟಚಪ್ ಆದ ಫೋಟೊಗಳೇ ಇವೆ. ಸ್ಟುಡಿಯೊದವನು ಅಳಿಸಿದ ಕೆನ್ನೆಯ ಕಲೆಯನ್ನು ಯಾರಾದರೂ ಹೋಗಿ ವಾಪಸ್ ಬರೆಸಿಕೊಂಡದ್ದು ಉಂಟೇ?

ಎರಡು ಭಾನುವಾರ ಕಮಲಾಕ್ಷಿಯ ಫೋನಿಗೆ "ಕೆಫೇಲಿ ಕಂಪ್ಯೂಟರ್ ಕೆಟ್ಟಿದೆ ಕಣೇ" ಎಂದೆ. (ಸತ್ಯವಂತೆ!) ಮೂರನೆಯ ಭಾನುವಾರ ತಡೆಯಲಾರದೆ ಹೊಸ ಸಿ.ಡಿ. ತೆಗೆದುಕೊಂಡು ಹೋದೆ. ಸೆಲ್ಲಿನ ಕಥೆ ಹೇಳಿದೆ. ಶೋಭಾ ಸಿ.ಡಿ. ಹಾಕಿದಳು. ಎರಡು ನಿಮಿಷ ಕೇಳಿದಳು.

"ಇದೇನತ್ತೆ, ಅರಿಶಿನ ಕುಂಕುಮಕ್ಕೆ ಬಂದೋರು ಹಾಡೋ ಥರ ಇದೆ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹಾಗೇ ಇತ್ತು. ಒಲೆಯ ಮೇಲೆ ಏನೋ ಸೀಯುತ್ತಿದೆಯೆಂದು ಒಳಗೆ ಹೋದಳು. ಕಮಲಾಕ್ಷಿ ಎದ್ದು, ಮೂಲೆಯಲ್ಲಿದ್ದ ಹುರುಳಿಕಾಯಿಯ ಮೊರವನ್ನು ತಾನೇ ಮಡಿಲಿಗೆ ಎಳೆದುಕೊಂಡಳು. ಹಾಡು ಮುಗಿಯುವವರೆಗೆ ನಾರು ಬಿಡಿಸಿದಳು.

ಸಂಜೆ ಬಸ್‌ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದಳು.

"ಇದು ನಂದೇ ಕಣೇ ಸುಶೀ. ಆವತ್ತು ನಾನು ಹಾಡಿದ್ದು ಹಿಂಗೇ."

"ನಿಂಗೆ ಗೊತ್ತಿತ್ತಾ?"

"ನನ್ ಗಂಟ್ಲು ನಂಗೆ ಗೊತ್ತಿರಲ್ವಾ? ನೀನು ಮೊದ್ಲನೇ ಸಲ ಕ್ಯಾಸೆಟ್ ತಂದ್ಕೊಟ್ಟ ದಿವ್ಸಾನೇ ಗೊತ್ತಾಯ್ತು. ಯಾರೋ ಬೇರೆಯವಳು ಹಾಡ್ದಂಗಿತ್ತು. ಚೆನ್ನಾಗಿತ್ತು."

ಶಿವಮೊಗ್ಗದ ಬಸ್ ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಅವಳು ಕಂಬಿಯನ್ನು ಹಿಡಿದು, ಆ ಕಾಗದದ ದನಿಯಲ್ಲಿ, ಕೋಪವೇನೂ ಇಲ್ಲದೆ ಕೇಳಿದಳು:

"ಇಷ್ಟು ವರ್ಷ ನಾನು ಸುಮ್ನಿದ್ದೆ. ಸುಮ್ನಿರಕ್ಕೆ ನಿಂಗೇನಾಗಿತ್ತೇ?"