ಅತ್ತೆಯ ಆರು ಬಾಟಲಿ, ಮೂರು ಸರಕಾರ

ನನ್ನ ಅತ್ತೆಯನ್ನು ಮುಂಬಯಿ ಪೊಲೀಸರು ಹಿಡಿದರು. ದಾದರ್ ಸ್ಟೇಷನ್ನಿನಲ್ಲಿ, ಹಾಡುಹಗಲೇ, ಇಡೀ ಪ್ಲಾಟ್‌ಫಾರ್ಮಿನ ಎದುರು. ಆರೋಪ: ದಾರೂ ಸಾಗಾಟ.

ನಗಬೇಡಿ. ಆಫೀಸಿನಲ್ಲಿ ಈ ಸುದ್ದಿ ಕೇಳಿ ಎಲ್ಲರೂ ನಕ್ಕಾಯಿತು. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತಿದೆ.

ಅತ್ತೆಗೆ ಐವತ್ತೆಂಟು. ಉಡುಪಿಯ ಹತ್ತಿರದವರು. ಹೊರಗಿನ ಕಾಫಿಯನ್ನೂ ಮುಟ್ಟದ ಹೆಂಗಸು. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು, ಪುಣೆಯಲ್ಲಿ ಗಾಡಿ ಬದಲು. ಅಷ್ಟು ದಾರಿಯನ್ನೂ ಅವಲಕ್ಕಿ, ಬಾಳೆಹಣ್ಣಿನಲ್ಲೇ ಕಳೆದವರು. ಜೊತೆಗೆ ಊರಿನ ಹೋಟೆಲಿನವರ ಸಂಸಾರವಿತ್ತು. ಕೈಯಲ್ಲಿ ಒಂದು ಟ್ರಂಕು. ಟ್ರಂಕಿನಲ್ಲಿ ಎರಡು ಸೀರೆ, ಮತ್ತು ಹಳೆ ಪಂಚೆಯಲ್ಲಿ ಸುತ್ತಿದ ಆರು ಬಾಟಲಿ ದಶಮೂಲಾರಿಷ್ಟ.

ಯಾರಿಗೆ ಎಂದು ಕೇಳುತ್ತೀರಾ? ನನ್ನ ಹೆಂಡತಿ ಸುಮತಿಗೆ. ಚೊಚ್ಚಲ ಹೆರಿಗೆ, ಹೆಣ್ಣು ಮಗು. ರೀತಿಯಂತೆ ಅವಳು ತವರಿಗೆ ಹೋಗಬೇಕಾಗಿತ್ತು. ಘಟ್ಟದ ಬಸ್ಸು ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಇಲ್ಲೇ ಮುಂಬಯಿಯಲ್ಲಿ, ನಮ್ಮ ಸಯನ್ನಿನ ಎರಡು ಕೋಣೆಯಲ್ಲೇ ಉಳಿದಳು. ತುಂಬಾ ರಕ್ತ ಹೋಗಿ ಗೋಡೆ ಹಿಡಿದು ನಡೆಯುತ್ತಿದ್ದಳು. ಹಾಗಾಗಿ ತವರೇ ಟ್ರಂಕು ಹೊತ್ತುಕೊಂಡು ಇಲ್ಲಿಗೆ ಬಂತು.

ನಮ್ಮ ಕಡೆ ಬಾಣಂತಿಗೆ ಊಟದ ಮೇಲೆ ಎರಡು ಚಮಚ ಅರಿಷ್ಟ ಕೊಡುವುದು ಅನ್ನ ಬಡಿಸಿದಷ್ಟೇ ಸಹಜ. ಪಂಡಿತರು ಬೇರುಗಳನ್ನು ಕುದಿಸುತ್ತಾರೆ. ಬೆಲ್ಲ, ಒಣ ಹೂವು ಸೇರಿಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಇಡುತ್ತಾರೆ. ಅದು ಒಳಗೊಳಗೇ ಹುಳಿಬಂದು ಹದವಾಗುತ್ತದೆ. ಹುಳಿಬಂದದ್ದರಲ್ಲಿ ಸ್ವಲ್ಪ ಅಮಲು ಇದ್ದೇ ಇರುತ್ತದೆ. (ಎರಡು ಚಮಚದಲ್ಲಿ ಅಮಲೇರಿದ ಬಾಣಂತಿಯನ್ನು ಯಾರಾದರೂ ಕಂಡಿದ್ದರೆ ನನಗೂ ತೋರಿಸಿ.) ಮುಂಬಯಿಯಲ್ಲಿರುವಂತೆ ನಮ್ಮ ಜಿಲ್ಲೆಯಲ್ಲೂ ಪಾನನಿರೋಧವಿದೆ. ಅಲ್ಲಿಯ ಪೊಲೀಸರಿಗೂ ಮೂಗಿದೆ. ಆದರೆ ಅವರ ಹೆಂಡಂದಿರೂ ಅದನ್ನೇ ಕುಡಿದು ಎದ್ದು ಓಡಾಡಿದವರು. ಅಲ್ಲಿ ಯಾರೂ ಕೇಳುವುದಿಲ್ಲ.

ರೈಲಿನ ಸೆಕೆಗೆ ಒಂದು ಬಾಟಲಿಯ ಬಿರಡೆ ಸಡಿಲವಾಗಿತ್ತು. ಕರೆತರಲು ನಾನು ದಾದರಿಗೆ ಹೋಗಿದ್ದೆ. ಹಮಾಲ ಟ್ರಂಕು ಕೆಳಗಿಟ್ಟದ್ದೇ ತಡ, ಬಿರಡೆ ಹಾರಿತು. ಘಮ್ಮೆಂದು ವಾಸನೆ. ಹವಾಲ್ದಾರ ಬಂದೇ ಬಂದ.

“ಹ್ಯಾತ ಕಾಯ್ ಆಹೇ?” ಇದರಲ್ಲೇನಿದೆ ಎಂದ.

ಅತ್ತೆಗೆ ಮರಾಠಿ ಬಾರದು. ಆದರೆ ತಮ್ಮ ಮದ್ದಿನ ಬಗ್ಗೆ ಒಬ್ಬ ಗಂಡಸು ವಿಚಾರಿಸುತ್ತಿದ್ದಾನೆಂದು ಅವರಿಗೆ ಖುಷಿ. “ಹೇಳಿ ಅವನಿಗೆ. ಪಂಡಿತರ ಮನೆಯಲ್ಲಿ ನಾನೇ ಕೂತು ಮಾಡಿಸಿದ್ದು. ನಲವತ್ತೈದು ದಿವಸ ಭರಣಿಯಲ್ಲಿಟ್ಟದ್ದು. ಎಷ್ಟು ಚಂದ ಹುಳಿ ಬಂದಿದೆ ಅಂತ ಬೇಕಾದರೆ ಮೂಸಿ ನೋಡಲಿ ಮಾರಾಯ್ರೇ!”

ನಾನೊಬ್ಬ ಪೆದ್ದ. ಅದನ್ನು ಒಂದಕ್ಷರ ಬಿಡದೆ ಮರಾಠಿಗೆ ಇಳಿಸಿದೆ. ಅತ್ತೆ ನಗುನಗುತ್ತಾ ಬಾಟಲಿಯನ್ನು ಅವನ ಮೂಗಿಗೇ ಹಿಡಿದರು. ತಪ್ಪೊಪ್ಪಿಗೆಗೆ ಇನ್ನೇನು ಬೇಕು?

ಅತ್ತೆಯನ್ನು ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟರು. ಬಾಟಲಿಗಳನ್ನು ಬಿಡಲಿಲ್ಲ. ಲ್ಯಾಬೊರೇಟರಿಗೆ ಹೋಗಬೇಕಂತೆ, ವರದಿ ಬರಬೇಕಂತೆ. ಅವತ್ತಿಗೆ ಸುಮತಿ ಹೆತ್ತು ಹನ್ನೆರಡು ದಿನ. ಅರಿಷ್ಟ ಬೇಕಾದದ್ದು ನಲವತ್ತು ದಿನದ ಒಳಗೆ. ವರದಿಗೆ ಅದು ಗೊತ್ತೇ?

ಮೊದಲು ರೈಲ್ವೆಯವರನ್ನು ಕೇಳಿದೆ. ಹುಬ್ಬಳ್ಳಿಯಿಂದ ನಿಮ್ಮ ಗಾಡಿಯಲ್ಲೇ ತಂದದ್ದು, ಯಾರೂ ಬೇಡವೆನ್ನಲಿಲ್ಲವಲ್ಲ? ಸ್ಟೇಷನ್ ಮಾಸ್ತರರು ಸಜ್ಜನರು. ರೈಲು ದಿಲ್ಲಿಯದು, ಪೊಲೀಸ್ ಮುಂಬಯಿ ಸರಕಾರದ್ದು, ನನ್ನ ಕೈಯಲ್ಲಿಲ್ಲ ಎಂದರು. ಅಂದರೆ ಆ ಹವಾಲ್ದಾರ ನಿಂತಿದ್ದ ಕಲ್ಲು ದಿಲ್ಲಿಯದು, ಅವನ ಟೋಪಿ ಮುಂಬಯಿಯದು. ನಡುವೆ ನಮ್ಮ ಟ್ರಂಕು.

ಪಾರ್ಲಿಮೆಂಟಿನ ಸದಸ್ಯರೊಬ್ಬರ ಮನೆಗೂ ಹೋದೆ. ಚಹಾ ಕೊಟ್ಟರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅದು ರಾಜ್ಯದ ವಿಷಯ” ಎಂದರು. ಇನ್ನೊಂದು ಕಪ್ ಚಹಾ ಬೇಕೇ ಎಂದು ವಿಚಾರಿಸಿದರು.

ಸಿಟ್ಟಿಗೆ ಮಾಟುಂಗಾದ ವಾಚನಾಲಯಕ್ಕೆ ಹೋಗಿ ನಮ್ಮ ಸಂವಿಧಾನವನ್ನೇ ತೆಗೆದು ಕೂತೆ. ಕೊನೆಯಲ್ಲಿ ಮೂರು ಪಟ್ಟಿಗಳಿವೆ, ನೀವೂ ನೋಡಿ. ಒಂದು ಕೇಂದ್ರದ್ದು: ಸೈನ್ಯ, ಅಂಚೆ, ರೈಲು. ಒಂದು ರಾಜ್ಯದ್ದು: ಪೊಲೀಸು, ಆಸ್ಪತ್ರೆ, ಮದ್ಯ. ಮೂರನೆಯದು ಇಬ್ಬರಿಗೂ ಸೇರಿದ್ದು. ಔಷಧ ಎಲ್ಲಿದೆ ಹೇಳಿ? ಆ ಮೂರನೆಯದರಲ್ಲಿ! ಇಬ್ಬರೂ ಕೈಹಾಕಬಹುದು. ಆದ್ದರಿಂದಲೇ ಇರಬೇಕು, ನಮ್ಮ ಬಾಟಲಿಗೆ ಯಾರೂ ಕೈಹಾಕಲಿಲ್ಲ.

ಹಂಚಿಕೊಂಡದ್ದು ತಪ್ಪು ಎನ್ನುವವನಲ್ಲ ನಾನು. ಇಷ್ಟು ದೊಡ್ಡ ದೇಶವನ್ನು ದಿಲ್ಲಿಯಲ್ಲಿ ಕೂತ ನಾಲ್ಕು ಜನ ಆಳಲಾರರು, ಆಳಲೂಬಾರದು. ನಮ್ಮ ಮನೆಯಲ್ಲೂ ಹಂಚಿಕೆಯಿದೆ. ಬಾಣಂತಿಯ ಕೋಣೆಯಲ್ಲಿ ಅತ್ತೆಯದೇ ಕಾನೂನು. ಪೇಟೆ, ರೇಶನ್ನು ನನ್ನ ಪಾಲು. ಆದರೆ ಮಗು ಅತ್ತಾಗ, ಇದು ಯಾರ ಪಟ್ಟಿಯಲ್ಲಿದೆ ಎಂದು ನಾವು ಕೇಳುತ್ತಾ ಕೂರುವುದಿಲ್ಲ. ಹತ್ತಿರವಿದ್ದವರು ಎತ್ತಿಕೊಳ್ಳುತ್ತಾರೆ.

ಪಾನನಿರೋಧದ ಕಚೇರಿಗೆ ಎಷ್ಟು ಸಲ ಅಲೆದೆನೋ. ಅಲ್ಲಿಯ ಗುಮಾಸ್ತರು ಪಾಟೀಲರು, ಧಾರವಾಡದ ಕಡೆಯವರು. ಕನ್ನಡ ಕೇಳಿ ಕುರ್ಚಿ ಕೊಟ್ಟರು. ಉಡುಪಿಯ ಪಂಡಿತರಿಂದ ತರಿಸಿದ್ದ ಪತ್ರವನ್ನು ಅವರ ಮುಂದಿಟ್ಟೆ: ಇದು ಮದ್ದು, ನಾನೇ ಮಾಡಿದ್ದು ಎಂದು ಸಹಿ ಸಮೇತ.

ಅವರು ಓದಿ, ಮಡಚಿ, ವಾಪಸು ಕೊಟ್ಟರು. “ನೀವ್ ಹೇಳೂದು ಖರೇನ ಅದರೀ. ಆದ್ರ ಮೈಸೂರ ರಾಜ್ಯದ ಪಂಡಿತರ ಚೀಟಿ ಮುಂಬಯಿಯೊಳಗ ನಡಿಯೂದಿಲ್ಲ.”

“ನಿಮ್ಮ ಧಾರವಾಡವೂ ಈಗ ಮೈಸೂರು ರಾಜ್ಯವೇ ಅಲ್ಲವೇ?”

“ಹೌದ್ರೀ. ಭಾಷಾ ನೋಡಿ ರಾಜ್ಯ ಹಂಚಿದಾಗ ನಮ್ಮೂರು ಆ ಕಡೆ ಹೋತು, ನನ್ನ ನೌಕರಿ ಈ ಕಡೆ ಉಳೀತು. ನಾ ಯಾರ ಮುಂದ ಹೇಳ್ಲಿ?”

ಪಾಪದ ಮನುಷ್ಯ. ನನ್ನ ಮುಖ ನೋಡಿ ಕರಗಿದರು. ಡ್ರಾಯರಿನಿಂದ ಒಂದು ಫಾರಂ ತೆಗೆದರು. “ಒಂದ ದಾರಿ ಅದ. ಹೆಲ್ತ್ ಪರ್ಮಿಟ್. ಆರೋಗ್ಯಕ್ಕ ದಾರೂ ಬೇಕೇ ಬೇಕು ಅಂತ ಡಾಕ್ಟರು ಬರದು ಕೊಟ್ರ ಸಿಗತದ. ಆದ್ರ ವಯಸ್ಸು ಆಗಿರಬೇಕು. ನಿಮ್ಮ ಮನೆಯವರಿಗೆ ಎಷ್ಟು?”

ಇಪ್ಪತ್ತಮೂರು.

“ಹಂಗಾದ್ರ ನಿಮ್ಮ ಅತ್ತಿಯವರ ಹೆಸರಿಲೆ ಹಾಕ್ರೀ.”

ಈ ಪರ್ಮಿಟ್ಟು ನನಗೆ ಹೊಸತಲ್ಲ. ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಸೇಟ್‌ಜಿಯ ಹತ್ತಿರವೂ ಒಂದಿದೆ. ದಿನಾ ಸಂಜೆ ಬಾಲ್ಕನಿಯಲ್ಲಿ ಕೂತು ಆರೋಗ್ಯ ಕಾಪಾಡಿಕೊಳ್ಳುತ್ತಾರೆ. ಗಟ್ಟಿಮುಟ್ಟಾಗಿದ್ದಾರೆ. ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತೇನೆ, ಅವರು ಬಿಡುವುದಿಲ್ಲ.

ಫಾರಂ ಮನೆಗೆ ತಂದೆ. ಅತ್ತೆಗೆ ಓದಿ ಹೇಳಲು ನಾಲಗೆ ಏಳಲಿಲ್ಲ. ಅವರೇ ಪಟ್ಟು ಹಿಡಿದು ಓದಿಸಿದರು.

“ಅಂದರೆ ನನಗೆ ಕುಡಿಯದೆ ಆಗುವುದಿಲ್ಲ ಅಂತ ನಾನೇ ಬರೆದುಕೊಡಬೇಕಾ?”

“ಹೌದು ಅತ್ತೆ.”

ಒಳಗೆ ಸುಮತಿ ಮಗುವನ್ನೆತ್ತಲು ಬಗ್ಗಿ, ಆಗದೆ, ಗೋಡೆಗೆ ಒರಗಿ ಕೂತದ್ದು ಇಬ್ಬರಿಗೂ ಕಂಡಿತು. ಅತ್ತೆ ಪೆನ್ನು ಕೇಳಿದರು. ದೊಡ್ಡ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲೇ ಸಹಿ ಹಾಕಿದರು. ನನಗೆ ಕಣ್ಣು ತುಂಬಿ ಬಂತು. ನಾಚಿಕೆಯೂ ಆಯಿತು. ಯಾವ ಸರಕಾರದ ಪರವಾಗಿ ನಾಚಿಕೊಳ್ಳಬೇಕೆಂದು ಗೊತ್ತಾಗಲಿಲ್ಲ.

ಗುರುತಿನ ಡಾಕ್ಟರೊಬ್ಬರು ಕಣ್ಣುಮುಚ್ಚಿ ಸಹಿ ಹಾಕಿಕೊಟ್ಟರು. ಪರ್ಮಿಟ್ಟು ಸಿಕ್ಕಿತು. ಹೌದು, ಬೇಗನೇ ಸಿಕ್ಕಿತು! ಅದನ್ನು ಹಿಡಿದು ಅತ್ತೆಯನ್ನು ಕರೆದುಕೊಂಡು ಪಾಟೀಲರ ಮೇಜಿಗೆ ಓಡಿದೆ. ಅವರು ಒಳಗೆ ಹೋಗಿ ಸಾಹೇಬರನ್ನು ಕೇಳಿ, ತಲೆ ತಗ್ಗಿಸಿಕೊಂಡು ಬಂದರು.

“ತಪ್ಪಾತ್ರೀ. ಇದರ ಮ್ಯಾಲೆ ಅಂಗಡಿಯೊಳಗ ವಿಲಾಯತಿ ಬ್ರಾಂಡಿ, ವ್ಹಿಸ್ಕಿ ಸಿಗತದ. ಜಪ್ತಾದ ಅರಿಷ್ಟ ಬಿಡಾಕ ಬರೂದಿಲ್ಲಂತ. ಅದಕ್ಕ ಲ್ಯಾಬೊರೇಟರಿ ವರದೀನ ಬೇಕು.”

ಅವತ್ತಿಗೆ ಸುಮತಿ ಹೆತ್ತು ಮೂವತ್ತೆಂಟನೆಯ ದಿನ. ಇದನ್ನು ಬರೆಯುವಾಗ ನಲವತ್ತಮೂರನೆಯದು. ವರದಿ ಇನ್ನೂ ಬಂದಿಲ್ಲ. ಸುಮತಿ ಈಗಲೂ ಗೋಡೆ ಬಿಟ್ಟು ನಡೆಯುತ್ತಿಲ್ಲ. ಆರು ಬಾಟಲಿ ಎಲ್ಲೋ ಒಂದು ಕಪಾಟಿನಲ್ಲಿ ಸರಕಾರಿ ಅರಗಿನ ಮುದ್ರೆ ಹೊತ್ತು ಕೂತಿವೆ. ಅಟ್ಟದಲ್ಲಿ ಅತ್ತೆಯ ಟ್ರಂಕಿದೆ, ಟ್ರಂಕಿನಲ್ಲಿ ಅವರು ಅಧಿಕೃತ ಕುಡುಕಿ ಎಂಬ ಪರ್ಮಿಟ್ಟಿದೆ.

ಅವತ್ತು ಪಾಟೀಲರ ಮಾತನ್ನು ನಾನು ಅತ್ತೆಗೆ ಬಿಡಿಸಿ ಹೇಳಿದಾಗ ಅವರು ಕೂಗಾಡಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಆ ಮೇಜಿನ ಕಡೆಗೆ ತಿರುಗಿ ಒಂದೇ ಮಾತು ಕೇಳಿದರು.

“ನಿಮ್ಮ ರಾಜ್ಯದಲ್ಲಿ ಕುಡಿಯಬಹುದು, ಗುಣವಾಗಬಾರದು, ಅಷ್ಟೇ ಅಲ್ಲವಾ?”