ಮುನಿಸಿನ ಹೂವು

ವರ್ಲಿನ್ ಸ್ಟಕಿಯ ಹುಲ್ಲುಗಾವಲಿಗೆ ನೇಗಿಲು ತಾಗಿದ್ದೇ ಇಲ್ಲ. ಕ್ಯಾನ್ಸಸ್ಸಿನ ಆ ಮೂಲೆಯಲ್ಲಿ ಎತ್ತ ನೋಡಿದರೂ ಸೋಯಾ, ಜೋಳ. ನಡುವೆ ಇವನ ನಲವತ್ತು ಎಕರೆಯಲ್ಲಿ ಮಾತ್ರ ಹುಲ್ಲು. ಭಾರೀ ಬುದ್ಧಿಯಿಂದ ಉಳಿಸಿಕೊಂಡದ್ದು ಅಂತ ಯಾರೂ ತಿಳಿಯಬೇಕಾಗಿಲ್ಲ. ಅಜ್ಜನ ಕಾಲಕ್ಕೆ ಕಲ್ಲು ಜಾಸ್ತಿ, ಅಪ್ಪನ ಕಾಲಕ್ಕೆ ಸೋಮಾರಿತನ, ಇವನ ಕಾಲಕ್ಕೆ ಹಠ. ಜುಲೈ ನಾಲ್ಕರ ಪಟಾಕಿ ಹಬ್ಬ ಕಳೆದ ಮೊದಲ ಸೋಮವಾರ ಹುಲ್ಲು ಕೊಯ್ಯಬೇಕು, ಅದು ಅಜ್ಜ ಹಾಕಿದ ಗೆರೆ. ಮದುವೆಯಾದ ವರ್ಷವೂ ವರ್ಲಿನ್ ಅದನ್ನು ದಾಟಲಿಲ್ಲ. ಹೆಂಡತಿ ನಡೀನ್ ಇವತ್ತಿಗೂ ಮರೆತಿಲ್ಲ: “ಹನಿಮೂನಿಗೆ ನನ್ನನ್ನ ಟ್ರ್ಯಾಕ್ಟರ್ ಮೇಲೆ ಕೂರಿಸ್ಕೊಂಡು ಹೋದ ಮಹಾರಾಯ ಇವನು!”

ಆ ಹುಲ್ಲುಗಾವಲಿನ ಇಳಿಜಾರಿನಲ್ಲಿ ಜೂನ್ ಮೊದಲ ವಾರ ಒಂದು ಹೂವು ಬರುತ್ತದೆ. ಮೊಳಕಾಲೆತ್ತರದ ಒಂಟಿ ಕಾಂಡ, ತುದಿಯಲ್ಲಿ ಒಂದೇ ಗೊಂಚಲು, ಹಸಿರು ಬೆರೆತ ಕೆನೆ ಬಣ್ಣ. ಅರಳುವಾಗಲೂ ತಲೆ ತಗ್ಗಿಸಿಕೊಂಡೇ ಇರುತ್ತದೆ. ಅವನಮ್ಮ ಅದನ್ನು ಮುನಿಸಿನ ಹೂವು ಎನ್ನುತ್ತಿದ್ದಳು. ಅವನ ಚಿಕ್ಕಂದಿನಲ್ಲಿ ಅವಳು ತೋರಿಸಿದಾಗ ನೂರಕ್ಕೆ ಕಮ್ಮಿ ಇರಲಿಲ್ಲ. ಈಗ ಹನ್ನೊಂದು.

ಕೊಲೆಗಾರ ಯಾರೆಂದು ವರ್ಲಿನ್ ಎಂದೋ ತೀರ್ಮಾನಿಸಿಬಿಟ್ಟಿದ್ದ: ಬೇಲಿಯಾಚೆಯ ಡ್ವೇನ್ ಹಾರ್ಟರ್. ಸೋಯಾಕ್ಕೆ ಅವನು ಹೊಡೆಯುವ ಕಳೆನಾಶಕ ಗಾಳಿಗೆ ಹಾರಿ ಬರುತ್ತಿದೆ, ಮತ್ತಿನ್ನೇನು? ಒಂದು ಭಾನುವಾರ ಚರ್ಚಿನ ಊಟದಲ್ಲಿ ಎಲ್ಲರೆದುರೇ “ವಿಷ ಹಾಕೋನ ಪಕ್ಕ ಕೂತು ನಾನು ಉಣ್ಣಲ್ಲ” ಎಂದು ತಟ್ಟೆ ಎತ್ತಿಕೊಂಡು ಹೋಗಿದ್ದ. ಅದಾಗಿ ಆರು ವರ್ಷ, ಮಾತಿಲ್ಲ ಕತೆಯಿಲ್ಲ. ನಲವತ್ತು ವರ್ಷ ಒಂದೇ ದೋಣಿಯಲ್ಲಿ ಕೂತು ಮೀನು ಹಿಡಿದವರು ಇವರು!

ಗಿಡ ಹುಡುಕಿಕೊಂಡು ಬರುವವರನ್ನು ವರ್ಲಿನ್ ಗೇಟಿನಿಂದಲೇ ಅಟ್ಟುತ್ತಿದ್ದ. ಅಪರೂಪದ್ದು ಸಿಕ್ಕಿದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ ಅಂತ ಆ ಕಡೆ ಎಲ್ಲರಿಗೂ ಭಯ. ಈ ವರ್ಷ ಮಾತ್ರ ತಾನೇ ಕಾಲೇಜಿಗೆ ಫೋನ್ ಮಾಡಿದ. ಡ್ವೇನ್ ತಪ್ಪಿತಸ್ಥ ಎನ್ನುವುದಕ್ಕೆ ಅವನಿಗೊಂದು ಸಾಕ್ಷಿ ಬೇಕಾಗಿತ್ತು.

ಬಂದವಳು ಕೆಲ್ಸಿ ಮೊರಾನ್, ಸಸ್ಯಶಾಸ್ತ್ರ ಕಲಿಸುವವಳು. ರಕ್ತ ಹೀರುವ ಉಣುಗು ಮೈಗೆ ಹತ್ತದಿರಲೆಂದು ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದಳು. ಹೂವಿನ ಮುಂದೆ ಮಂಡಿಯೂರಿ ಎಲೆ ಸವರಿದಳು.

“ಹಾಲುಗಿಡದ ಜಾತಿ. ಆದ್ರೆ ರಸ್ತೆ ಪಕ್ಕ ಬೆಳೆಯುತ್ತಲ್ಲ, ಅದಲ್ಲ. ಅದಕ್ಕೆ ಮೈಯೆಲ್ಲಾ ರೋಮ. ಇದು ನುಣ್ಣಗಿದೆ ನೋಡಿ.”

“ಎಲೆ ಅಂಚು ಸುಕ್ಕಿರೋದು ಇನ್ನೊಂದಿದೆ ಕಣಮ್ಮ,” ವರ್ಲಿನ್ ಬಿಡಲಿಲ್ಲ. “ಅದು ತಲೆ ಎತ್ಕೊಂಡು ನಿಲ್ಲುತ್ತೆ, ಜಂಬದ್ದು. ಇದು ಬಗ್ಗುತ್ತೆ.”

“ಅಯ್ಯೋ, ಎಲ್ಲಾ ನಿಮಗೇ ಗೊತ್ತಿದೆಯಲ್ಲ! ಮೀಡ್ ಹಾಲುಗಿಡ ಅಂತಾರೆ ಇದಕ್ಕೆ. ಉಳಿದಿರೋದೇ ಕಮ್ಮಿ. ಜಮೀನು ಯಾರೂ ಕಿತ್ಕೊಳಲ್ಲ, ಹೆದರ್ಬೇಡಿ.”

“ಹೆಸರು ಹಾಗಿರ್ಲಿ. ಡ್ವೇನ್ ವಿಷ ಹೊಡೆದು ಸಾಯಿಸ್ತಿದಾನೆ ಅಂತ ಬರ್ದುಕೊಡು.”

ಅವಳು ಹನ್ನೊಂದನ್ನೂ ಒಂದೊಂದಾಗಿ ನೋಡಿದಳು. “ವಿಷ ತಾಗಿದ್ರೆ ಎಲೆ ಮುರುಟಿಕೊಳ್ಳುತ್ತೆ. ಒಂದ್ರಲ್ಲೂ ಇಲ್ಲ. ನೀವು ಹುಲ್ಲು ಯಾವಾಗ ಕೊಯ್ತೀರಿ?”

ವರ್ಲಿನ್ ಎದೆಯುಬ್ಬಿಸಿ ಅಜ್ಜನ ಸೋಮವಾರದ ಕತೆ ಹೇಳಿದ. ಅರುವತ್ತು ವರ್ಷದಿಂದ ಕೊಯ್ಯುವವನು ತಾನೇ, ಒಂದು ಸಲವೂ ತಪ್ಪಿಲ್ಲ.

ಕೆಲ್ಸಿ ತಲೆ ತಗ್ಗಿಸಿದ ಗೊಂಚಲನ್ನು ಬೆರಳಿಂದ ಎತ್ತಿ ಹಿಡಿದಳು. “ಇದರ ಕಾಯಿ ಯಾವತ್ತಾದ್ರೂ ನೋಡಿದೀರಾ?”

ನೋಡಿರಲಿಲ್ಲ.

“ಅದು ಬಲಿಯೋದು ಸೆಪ್ಟೆಂಬರಿಗೆ. ನೀವು ಕೊಯ್ಯದೇ ಇದ್ದಿದ್ರೆ ಪೊದೆ ಬೆಳೆದು ಹುಲ್ಲುಗಾವಲೇ ಇರ್ತಿರಲಿಲ್ಲ, ಅದೂ ನಿಜ. ಆದ್ರೆ ಬೀಜ ಆಗೋಕೇ ಬಿಟ್ಟಿಲ್ಲ ನೀವು. ಹೊಸ ಸಸಿ ಹುಟ್ಟೋದು ಎಲ್ಲಿಂದ? ಇದರ ಬೇರು ನೂರು ವರ್ಷಾನೂ ಬದುಕಬಹುದು. ಹಳೇವು ಒಂದೊಂದಾಗಿ ಹೋಗ್ತಿವೆ.”

“ಅಂದ್ರೆ ಈ ಹನ್ನೊಂದು...”

“ನಿಮ್ಮಮ್ಮ ತೋರಿಸಿದ್ದವೇ ಇರ್ಬೇಕು.”

ವರ್ಲಿನ್ ಟೋಪಿ ತೆಗೆದ. ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತವೆ, ತಾನು ಹೊತ್ತಿಗೆ ಸರಿಯಾಗಿ ಕೊಯ್ಯುವುದರಿಂದಲೇ ಹುಟ್ಟುತ್ತವೆ ಎಂದು ನಂಬಿದ್ದವನು ಅವನು. ಅಮ್ಮ ಬಗ್ಗಿ ಮುಟ್ಟಿದ ಗಿಡಗಳೇ ಇವು ಎಂದು ಮೊದಲು ಖುಷಿಯಾಯಿತು. ಅದರ ಬೆನ್ನಿಗೇ ನಾಚಿಕೆ.

ಮನೆಗೆ ಬಂದು ಹೇಳಿದ್ದನ್ನು ನಡೀನ್ ಪೂರ್ತಿ ಕೇಳಿಸಿಕೊಂಡಳು. “ಪಾಪ ಡ್ವೇನ್, ಪಾಪ ಡ್ವೇನ್ ಅಂತ ಆರು ವರ್ಷ ಬಡ್ಕೊಂಡೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಹೋಗು, ಹೋಗಿ ಹೇಳು ಅವನಿಗೆ.”

ಹೇಳುವುದು ಅಷ್ಟು ಸುಲಭವೇ? ಎರಡು ಸಲ ಡ್ವೇನನ ಗೇಟಿನ ತನಕ ಹೋಗಿ ವಾಪಸು ಬಂದ. ಅಷ್ಟರಲ್ಲಿ ಜುಲೈ ಹಬ್ಬವೂ ಕಳೆಯಿತು. ಸೋಮವಾರ ಹುಲ್ಲುಗಾವಲೆಲ್ಲ ಕೊಯ್ದು, ಇಳಿಜಾರಿಗೆ ಬಂದಾಗ ಟ್ರ್ಯಾಕ್ಟರ್ ನಿಲ್ಲಿಸಿದ. ಅಜ್ಜನ ಗೆರೆ ಅಲ್ಲಿಗೆ ಮುರಿಯಿತು.

ರಸ್ತೆಯಲ್ಲಿ ಹೋಗುತ್ತಿದ್ದ ಡ್ವೇನನ ಗಾಡಿ ಬೇಲಿ ಪಕ್ಕ ನಿಧಾನವಾಯಿತು. ಅವನು ಎತ್ತಲೋ ನೋಡುತ್ತಾ ಕೇಳಿದ: “ಇಳಿಜಾರು ಹಾಗೇ ಬಿಟ್ಟಿದ್ಯಲ್ಲ. ಟ್ರ್ಯಾಕ್ಟರ್ ಕೆಟ್ಟೋಯ್ತಾ?”

ವರ್ಲಿನ್ ಇಳಿದು ಬೇಲಿಗೆ ಬಂದ. ಒಂದು ತಿಂಗಳಿಂದ ಹೊಂದಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

“ನೀನಲ್ಲ ಕಣೋ,” ಎಂದ.

“ಏನು ನಾನಲ್ಲ?”

“ಹೂವು ಸಾಯಿಸಿದ್ದು. ನಾನೇ.”